ಮತ್ತಿ ಯಾವುದು, ಹೊಳೆಮತ್ತಿ ಯಾವುದು? ಎಲೆ, ತೊಗಟೆ, ನೆಲ ನೋಡಿ ಮರ ಗುರುತಿಸುವ ಪಾಠ

ಕಳೆದ ತಿಂಗಳು ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ್ದ. ಒಂದು ನರ್ಸರಿಯ ಚೀಟಿ, ಅದರಲ್ಲಿ ‘ಮತ್ತಿ – 120’ ಅಂತ ಬರೆದಿತ್ತು. ಇನ್ನೊಂದು ಅವನ ಹೊಲದ ಬದು. ಎರಡು ವರ್ಷದ ಗಿಡಗಳು ಮೊಣಕಾಲೆತ್ತರಕ್ಕೇ ನಿಂತು ಸೊರಗಿದ್ದವು. “ಅಕ್ಕಾ, ಕಾಡಲ್ಲಿ ಕಲ್ಲುನೆಲದಲ್ಲೂ ಮತ್ತಿ ಬರುತ್ತೆ. ನಮ್ಮ ಹೊಲದಲ್ಲಿ ಯಾಕೆ ಏಳ್ತಾ ಇಲ್ಲ?”

ಎಲೆ ತಿರುಗಿಸಿ ಹಿಂಭಾಗದ ಫೋಟೊ ಕಳಿಸು ಅಂದೆ. ಕಳಿಸಿದ. ಎಲೆಯ ಹಿಂದೆ ರೋಮವೇ ಇಲ್ಲ, ನುಣ್ಣಗಿದೆ. ತೊಟ್ಟು ಎಲೆಗೆ ಸೇರುವ ಕಡೆ ಎರಡು ಸಣ್ಣ ಗಂಟು. ಅದು ಹೊಳೆಮತ್ತಿ. ನೀರಿನ ಪಸೆ ಬೇಡುವ ಮರವನ್ನು ತಂದು ಗರಸು ನೆಲದ ಬದುವಿಗೆ ಹಾಕಿದ್ದಾನೆ. ನರ್ಸರಿಯವರು ಸುಳ್ಳು ಹೇಳಿದ್ದಾರೆ ಅನ್ನೋಕೂ ಬರಲ್ಲ. ಹೊಳೆಮತ್ತಿಯನ್ನೂ ನಮ್ಮ ಕಡೆ ಎಷ್ಟೋ ಜನ ಬರೀ ‘ಮತ್ತಿ’ ಅಂತಾರೆ. ಹೆಸರು ಒಂದೇ, ಮರ ಬೇರೆ. ಎರಡು ವರ್ಷದ ದುಡಿಮೆ, ಗುಂಡಿ ತೆಗೆದ ಕೂಲಿ ಎರಡೂ ಹೋದವು.

ಅದಕ್ಕೇ ಈ ವಾರ ಮತ್ತಿ ಬಳಗದ ಮರಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ ಅಂತ ನೋಡೋಣ.

ಮೊದಲು ‘ಓಕ್’ ಪ್ರಶ್ನೆ ಮುಗಿಸಿಬಿಡೋಣ

ಮರ ಗುರುತಿಸುವ ಬಗ್ಗೆ ಇಂಗ್ಲಿಷ್ ವಿಡಿಯೊ ನೋಡಿದವರು ಕೇಳೋದು ಓಕ್ ಬಗ್ಗೆ. ನಮ್ಮ ತೋಟದಲ್ಲೂ ಓಕ್ ಇದೆಯಲ್ಲ, ಅದರಲ್ಲಿ ಎಷ್ಟು ಜಾತಿ ಅಂತ. ನಮ್ಮಲ್ಲಿರೋದು ಸಿಲ್ವರ್ ಓಕ್. ಅದು ಓಕೇ ಅಲ್ಲ. ಅದರ ಶಾಸ್ತ್ರೀಯ ಹೆಸರು ಗ್ರೆವಿಲಿಯಾ ರೋಬಸ್ಟ, ತವರು ಆಸ್ಟ್ರೇಲಿಯಾದ ಪೂರ್ವ ಭಾಗ. ಕಾಫಿ ತೋಟಕ್ಕೆ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಬಂತು, ಆಮೇಲೆ ಬಯಲುಸೀಮೆ ಬದುಗಳಿಗೂ ಇಳಿಯಿತು. ಎಲೆ ಜರಿಗಿಡದ ಎಲೆಯಂತೆ ಸೀಳುಸೀಳು, ಹಿಂಭಾಗ ಬೆಳ್ಳಿ ಬಣ್ಣ. ನಿಜವಾದ ಓಕ್‌ಗಳು ಕ್ವೆರ್ಕಸ್ ಎಂಬ ಕುಲದವು. ಬುಡದಲ್ಲಿ ಬಟ್ಟಲಿನಂಥ ಟೋಪಿ ಇರುವ ಕಾಯಿ ಬಿಡುತ್ತವೆ. ಭಾರತದಲ್ಲಿ ಅವು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳ ಮರಗಳು. ನಮ್ಮ ದಕ್ಷಿಣದ ಕಾಡಿನಲ್ಲಿ ತಾವಾಗಿ ಬೆಳೆಯೋದಿಲ್ಲ.

ಆದರೆ ಅಲ್ಲಿಯವರು ಓಕ್‌ಗಳನ್ನು ಬೇರ್ಪಡಿಸುವ ದಾರಿ ನಮಗೂ ಬೇಕಾದದ್ದೇ: ಒಂದೇ ಬಳಗದ ನಾಲ್ಕಾರು ಮರ, ದೂರದಿಂದ ಎಲ್ಲವೂ ಒಂದೇ ಥರ, ಎಲೆ, ತೊಗಟೆ, ನಿಂತ ನೆಲ ಮೂರನ್ನೂ ಸೇರಿಸಿ ನೋಡಿದರೆ ಮಾತ್ರ ಬಿಡಿಸಿಕೊಳ್ಳುತ್ತವೆ. ಮೈಸೂರು ಸೀಮೆಯಲ್ಲಿ ಅಂಥ ಬಳಗ ಅಂದರೆ ಮತ್ತಿಯದು. ಶಾಸ್ತ್ರದಲ್ಲಿ ಟರ್ಮಿನೇಲಿಯಾ ಅಂತಾರೆ. ಲ್ಯಾಟಿನ್ನಿನ ‘ತುದಿ’ ಎಂಬ ಅರ್ಥದ ಪದದಿಂದ ಬಂದ ಹೆಸರು, ಯಾಕೆಂದರೆ ಈ ಬಳಗದ ಹಲವು ಮರಗಳಲ್ಲಿ ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪುಗೂಡಿರುತ್ತವೆ. ಹೊಳೆಮತ್ತಿ, ಕರಿಮತ್ತಿ, ಹುಣಾಲು, ತಾರೆ, ಅಳಲೆ ಎಲ್ಲ ಇದೇ ಮನೆಯವು. ಶಾಲೆಯ ಅಂಗಳದಲ್ಲಿ ಛತ್ರಿಯ ಮೇಲೆ ಛತ್ರಿ ಇಟ್ಟ ಹಾಗೆ ನಿಂತಿರುವ ಬಾದಾಮಿ ಮರ, ಉದುರುವ ಮುಂಚೆ ಎಲೆ ಕೆಂಪಾಗುತ್ತಲ್ಲ, ಅದೂ ಇದೇ ಬಳಗ. ನಾವು ಪಾಯಸಕ್ಕೆ ಹಾಕುವ ಅಂಗಡಿ ಬಾದಾಮಿಗೂ ಅದಕ್ಕೂ ಸಂಬಂಧ ಇಲ್ಲ.

ಹೊಳೆಮತ್ತಿ

ನೀರುಮತ್ತಿ, ಬಿಳಿಮತ್ತಿ, ತೊರೆಮತ್ತಿ, ಅರ್ಜುನ ಎಲ್ಲ ಇದೇ ಮರ. ಟರ್ಮಿನೇಲಿಯಾ ಅರ್ಜುನ. ನೋಡಬೇಕು ಅಂದರೆ ಶ್ರೀರಂಗಪಟ್ಟಣದ ಕಡೆ ಕಾವೇರಿ ದಂಡೆಗೆ ಹೋಗಿ. ರಂಗನತಿಟ್ಟು ಪಕ್ಷಿಧಾಮದಲ್ಲಿ, ಅದು 1940ರಲ್ಲಿ ಘೋಷಣೆಯಾದದ್ದು, ಹೊಳೆಯಂಚಿನಲ್ಲಿ ನೀರಿನ ಕಡೆಗೆ ಬಾಗಿ ನಿಂತ ದೊಡ್ಡ ಮರಗಳಲ್ಲಿ ಇದು ಎದ್ದು ಕಾಣುತ್ತೆ. ಜನ ಹಕ್ಕಿ ನೋಡ್ತಾರೆ, ಹಕ್ಕಿ ಕೂತ ಮರ ನೋಡಲ್ಲ. ಮುಂದಿನ ಸಲ ಹೋದಾಗ ಎರಡೂ ನೋಡಿ.

ಮೊದಲು ತೊಗಟೆ. ಸೀಬೆ ಗಿಡದ ಕಾಂಡ ನೆನಪು ಮಾಡ್ಕೊಳ್ಳಿ. ನುಣುಪು, ತೇಪೆ ಹಾಕಿದ ಹಾಗೆ ಅಲ್ಲಲ್ಲಿ ಬಣ್ಣ ಬೇರೆ. ಅದನ್ನೇ ಅಪ್ಪಿಕೊಳ್ಳಲಾಗದಷ್ಟು ದಪ್ಪ ಮಾಡಿದರೆ ಹೊಳೆಮತ್ತಿ. ಬೂದುಬಿಳಿ, ಒಮ್ಮೊಮ್ಮೆ ಹಸಿರು ಛಾಯೆ, ಒಮ್ಮೊಮ್ಮೆ ತಿಳಿಗುಲಾಬಿ. ಹಳೆ ಪದರ ದೊಡ್ಡ ದೊಡ್ಡ ತೆಳು ಹಾಳೆಯಾಗಿ ಕಳಚಿ ಬೀಳುತ್ತೆ. ಬುಡದಲ್ಲಿ ಕಾಂಡ ಗೋಡೆಯ ಆಸರೆಯಂತೆ ಅಗಲವಾಗಿರುತ್ತೆ, ಮೇಲೆ ಕೊಂಬೆಗಳ ತುದಿ ಜೋತುಬಿದ್ದಿರುತ್ತವೆ.

ಎಲೆ ಉದ್ದನೆಯದು, ಹತ್ತರಿಂದ ಹದಿನೈದು ಸೆಂಟಿಮೀಟರ್, ಕೆಲವು ಸಲ ಇನ್ನೂ ಉದ್ದ. ತುದಿ ಮೊಂಡು. ಬುಡದಲ್ಲಿ ಎರಡು ಬದಿ ಸಮ ಇರೋದು ಕಡಿಮೆ, ಒಂದು ಬದಿ ಸ್ವಲ್ಪ ಕೆಳಗೆ ಇಳಿದಿರುತ್ತೆ. ಎಲೆಗಳು ಎದುರುಬದುರು ಅನ್ನಬಹುದು, ಆದರೆ ಪಕ್ಕಾ ಎದುರಲ್ಲ, ಒಂದು ಇಷ್ಟು ಮೇಲೆ ಇನ್ನೊಂದು ಇಷ್ಟು ಕೆಳಗೆ. ಮುಖ್ಯ ಗುರುತು ಗ್ರಂಥಿಗಳು. ತೊಟ್ಟು ಮುಗಿದು ಎಲೆ ಶುರುವಾಗುವ ಜಾಗದಲ್ಲೇ ಎರಡು ಸಣ್ಣ ಗಂಟು. ಬೆರಳಿಗೆ ಸಿಗುತ್ತವೆ.

ಕಾಯಿ ಇದ್ದರೆ ಅನುಮಾನವೇ ಉಳಿಯಲ್ಲ. ಕಮರಾಕ್ಷಿ ಹಣ್ಣಿನಂತೆ ಐದು ಏಣು, ಆದರೆ ಮರದಷ್ಟು ಗಟ್ಟಿ. ಏಣಿನ ಮೇಲೆ ಗೆರೆಗಳು ಮೇಲ್ಮುಖವಾಗಿ ಬಾಗಿರುತ್ತವೆ. ಈ ‘ಬಾಗಿದ ಗೆರೆ’ಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ನೆಲ: ಹೊಳೆ, ಹಳ್ಳ, ನಾಲೆ, ಕೆರೆ ಏರಿಯ ಕೆಳಗಿನ ತೇವ. ಬೇಸಿಗೆಯಲ್ಲಿ ಸುತ್ತಲಿನ ಕಾಡು ಬೋಳಾದರೂ ಇದು ಪೂರ್ತಿ ಬೋಳಾಗಲ್ಲ. ಬೇರು ನೀರು ಮುಟ್ಟಿರುತ್ತೆ.

ಕರಿಮತ್ತಿ

ಕಾಡಿನವರು ಬರೀ ‘ಮತ್ತಿ’ ಅಂದರೆ ಸಾಮಾನ್ಯವಾಗಿ ಇದು. ಪುಸ್ತಕದಲ್ಲಿ ಟರ್ಮಿನೇಲಿಯಾ ಟೊಮೆಂಟೋಸ ಅಂತ ಇರುತ್ತೆ, ಕೆಲವದರಲ್ಲಿ ಎಲಿಪ್ಟಿಕಾ ಅಥವಾ ಕ್ರೆನುಲೇಟ ಅಂತಲೂ ಇರುತ್ತೆ. ಹೆಸರು ನೋಡಿ ಗಾಬರಿಯಾಗಬೇಡಿ. ನಾಗರಹೊಳೆ, ಬಂಡೀಪುರ ಎರಡೂ ಕಾಡಿನಲ್ಲಿ ತೇಗದ ಜೊತೆ ನಿಲ್ಲುವ ಮರ.

ತೊಗಟೆ ನೋಡಿದ ಕೂಡಲೇ ಗೊತ್ತಾಗುತ್ತೆ. ಕಪ್ಪು ಬೂದು, ಆಳವಾದ ಬಿರುಕು. ಉದ್ದ ಬಿರುಕನ್ನು ಅಡ್ಡ ಬಿರುಕು ಕತ್ತರಿಸಿ ಚೌಕ ಚೌಕ ತುಂಡಾಗಿರುತ್ತೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಲ್ಲಿ ಕೆಸರು ಒಡೆದು ಹೆಂಟೆಯಾಗುತ್ತಲ್ಲ, ಅದನ್ನು ಎತ್ತಿ ಮರಕ್ಕೆ ಅಂಟಿಸಿದ ಹಾಗೆ. ಇಂಗ್ಲಿಷಿನವರು ಮೊಸಳೆ ತೊಗಟೆ ಮರ ಅಂತಾರೆ. ಈ ದಪ್ಪ ತೊಗಟೆಯೇ ಅದರ ಕವಚ. ಕಾಡಿನಲ್ಲಿ ನೆಲದ ಬೆಂಕಿ ಹಾಯ್ದು ಹೋದರೂ ದೊಡ್ಡ ಮತ್ತಿ ಬದುಕಿಕೊಳ್ಳುತ್ತೆ.

2024ರಲ್ಲಿ ಒಂದು ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಮರದ ಉಬ್ಬಿಗೆ ಕೊಚ್ಚಿದ ಕೂಡಲೇ ನಲ್ಲಿಯಂತೆ ನೀರು ಚಿಮ್ಮಿತು. ಆ ಮರ ಇದೇ. ಆದರೆ ಎಲ್ಲ ಮತ್ತಿಯಲ್ಲೂ ನೀರು ಇರಲ್ಲ, ಕೆಲವೇ ಮರಗಳು ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ. ವಿಡಿಯೊ ನೋಡಿ ಬದುವಿನ ಮತ್ತಿಗೆ ಮಚ್ಚು ಹಾಕಿದರೆ ಸಿಗೋದು ಮರಕ್ಕೊಂದು ಗಾಯ, ಅದರೊಳಗೆ ಹುಳ.

ಎಲೆ ದಪ್ಪ, ಚರ್ಮದಂತೆ ಗಟ್ಟಿ. ಎಳೆಯ ಎಲೆಯ ಹಿಂಭಾಗದಲ್ಲಿ ರೋಮ, ಕೈಗೆ ಮಖಮಲ್ಲಿನ ಹಾಗೆ ಸಿಗುತ್ತೆ. ಟೊಮೆಂಟೋಸ ಎಂದರೆ ರೋಮ ತುಂಬಿದ್ದು ಅಂತಲೇ ಅರ್ಥ. ಗ್ರಂಥಿ ಇಲ್ಲೂ ಉಂಟು, ಆದರೆ ಜಾಗ ಬೇರೆ: ತೊಟ್ಟಿನ ಮೇಲಲ್ಲ, ಎಲೆಯ ಹಿಂಭಾಗದಲ್ಲಿ ನಡುನರದ ಮೇಲೆ, ಬುಡದಿಂದ ಸ್ವಲ್ಪ ಮೇಲೆ. ಒಂದೋ ಎರಡೋ ಇರುತ್ತವೆ, ಪುಟ್ಟ ಕಾಲಿನ ಮೇಲೆ ನಿಂತ ರುಮಾಲಿನಂತೆ ಕಾಣುತ್ತವೆ. ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ.

ಕಾಯಿಗೆ ಇಲ್ಲೂ ಐದು ರೆಕ್ಕೆ. ಹೊಳೆಮತ್ತಿಗಿಂತ ಅಗಲ, ತೆಳು, ಗಾಳಿಗೆ ಹಾರುವಂಥದ್ದು. ರೆಕ್ಕೆಯ ಮೇಲಿನ ಗೆರೆಗಳು ನಡುವಿನಿಂದ ಅಂಚಿಗೆ ನೇರ ಅಡ್ಡ ಹೋಗುತ್ತವೆ, ಬಾಗಲ್ಲ. ಒಣಗಿದ ಕಾಯಿ ನೆಲದಲ್ಲಿ ಸಿಕ್ಕರೂ ಸಾಕು, ಈ ಒಂದು ಗೆರೆಯಿಂದ ಹೇಳಬಹುದು. ನನಗೆ ಕಾಲೇಜಿನಲ್ಲಿ ಕಲಿತ ಲಕ್ಷಣಗಳಲ್ಲಿ ಹತ್ತಕ್ಕೆ ಎಂಟು ಮರೆತಿವೆ, ಇದು ಮಾತ್ರ ಮರೆತಿಲ್ಲ.

ನೆಲ: ಇಳಿಜಾರು, ಕೆಂಪು ಮಣ್ಣು, ಜಿಗುಟು ಮಣ್ಣು, ಗರಸು ಎಲ್ಲದಕ್ಕೂ ಹೊಂದಿಕೊಳ್ಳುತ್ತೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನೆ ನಿಂತು, ಮುಂಗಾರು ಹತ್ತಿರ ಬಂದಾಗ ಚಿಗುರುತ್ತೆ. ಆ ಕೋಟೆಯ ಹುಡುಗನಿಗೆ ಬೇಕಾಗಿದ್ದದ್ದು ಈ ಮರ.

ಬಿಳಿ ತೊಗಟೆ ಕಂಡ ಕೂಡಲೇ ಹೊಳೆಮತ್ತಿ ಅನ್ನಬೇಡಿ

ಹೆಚ್ಚು ಜನ ಎಡವೋದು ಇಲ್ಲೇ. ನಮ್ಮ ಕಾಡಿನಲ್ಲಿ ನುಣುಪಾದ ಬಿಳಿ ಕಾಂಡದ ಮರಗಳು ಇನ್ನೂ ಇವೆ.

ಒಂದು ದಿಂಡಿಗ. ಬಂಡೀಪುರ ಕಡೆಯ ಒಣ ಕಾಡಿನಲ್ಲಿ ತುಂಬಾ ಇದೆ. ತೊಗಟೆ ಬೂದುಬಿಳಿ, ಸಣ್ಣ ಸಣ್ಣ ಚಕ್ಕೆಯಾಗಿ ಏಳುತ್ತೆ. ಕಾಂಡದ ಫೋಟೊ ಮಾತ್ರ ನೋಡಿದರೆ ಹೊಳೆಮತ್ತಿ ಅಂತಲೇ ಅನ್ನಿಸುತ್ತೆ. ಆದರೆ ಎಲೆ ಚಿಕ್ಕದು, ಹೊಳೆಮತ್ತಿಯ ಅರ್ಧವೂ ಇರಲ್ಲ, ದುಂಡಗೆ ಅಗಲ. ಕಾಯಿಗಳು ಪುಟ್ಟವು, ಒತ್ತೊತ್ತಾಗಿ ಗುಂಡು ಚೆಂಡಿನಂತೆ ಕೂತಿರುತ್ತವೆ. ಎಲ್ಲಕ್ಕಿಂತ ಮುಖ್ಯ, ಅದು ನಿಲ್ಲೋದು ಒಣ ಗುಡ್ಡದ ಇಳಿಜಾರಿನಲ್ಲಿ. ಹೊಳೆ ಎರಡು ಮೈಲಿ ದೂರ ಇದೆ, ಮರ ಕಲ್ಲಿನ ಮೇಲೆ ನಿಂತಿದೆ ಅಂದರೆ ಮೊದಲು ದಿಂಡಿಗವನ್ನೇ ನೆನೆಯಿರಿ. ತಮಾಷೆ ಏನೆಂದರೆ, ಹಳೆ ಪುಸ್ತಕದಲ್ಲಿ ಇದರ ಕುಲ ಅನೋಗೈಸಸ್. ಸಸ್ಯಶಾಸ್ತ್ರಜ್ಞರು 2017ರಲ್ಲಿ ಅದನ್ನೂ ಟರ್ಮಿನೇಲಿಯಾ ಮನೆಗೇ ಸೇರಿಸಿದ್ದಾರೆ. ಗೊಂದಲ ಮಾಡಿಕೊಂಡಿದ್ದ ಹಳ್ಳಿಯವರು ಪೂರ್ತಿ ತಪ್ಪೇನೂ ಅಲ್ಲ, ನೆಂಟರೇ.

ಇನ್ನೊಂದು ನಂದಿ. ನಾಗರಹೊಳೆ, ಕೊಡಗಿನ ಕಡೆ. ತೊಗಟೆ ಕೆನೆ ಬಣ್ಣ, ಕಾಗದದಂಥ ತೆಳು ಸುರುಳಿಯಾಗಿ ಸುಲಿಯುತ್ತೆ. ಎಲೆಯ ಬುಡದಲ್ಲಿ ಹುಡುಕಿದರೂ ಗ್ರಂಥಿ ಸಿಗಲ್ಲ. ಕಾಯಿಗೆ ರೆಕ್ಕೆ ಇಲ್ಲ, ಒಣಗಿದ ಮೇಲೆ ಒಡೆದು ಬೀಜ ಚೆಲ್ಲುವ ಸಣ್ಣ ಗಟ್ಟಿ ಡಬ್ಬಿ. ನೀಲಗಿರಿ ಮರವನ್ನೂ ಕೆಲವರು ಸೇರಿಸ್ತಾರೆ. ಅದಕ್ಕೆ ಪಾಠ ಬೇಡ, ಎಲೆ ಹಿಸುಕಿ ಮೂಸಿ ನೋಡಿ ಸಾಕು.

ಹುಣಾಲು

ಕೊಡಗಿನ ಕಡೆ ಹುಲುವೆ ಅಂತಾರೆ. ಟರ್ಮಿನೇಲಿಯಾ ಪ್ಯಾನಿಕ್ಯುಲೇಟ. ನಮ್ಮ ದಕ್ಷಿಣ ಭಾರತದ್ದೇ ಮರ, ಹೆಚ್ಚಾಗಿ ಪಶ್ಚಿಮ ಘಟ್ಟದಲ್ಲಿ. ತೊಗಟೆ ಕಂದು, ಒರಟು. ಆದರೆ ಕರಿಮತ್ತಿಯ ಆಳವಾದ ಚೌಕಗಳು ಇದರಲ್ಲಿ ಇಲ್ಲ, ಬಿರುಕು ಮೇಲೆ ಮೇಲೆ. ಎಲೆ ನೋಡಿ ಮತ್ತಿಯಿಂದ ಬೇರೆ ಮಾಡೋದು ಕಷ್ಟ, ಗ್ರಂಥಿಯೂ ನಡುನರದ ಬುಡದ ಹತ್ತಿರವೇ ಇರುತ್ತೆ. ಆದ್ದರಿಂದ ಕಾಲ ನೋಡಿ. ಮಳೆಗಾಲ ಇಳಿಯುವ ಹೊತ್ತಿಗೆ ಇಡೀ ಮರ ಹೂಗೊಂಚಲು ಹೊತ್ತು, ಆಮೇಲೆ ಕಾಯಿ ಕೆಂಪುಕಂದಾಗಿ ದೂರಕ್ಕೆ ತುಕ್ಕು ಬಣ್ಣದ ಮೋಡದಂತೆ ಕಾಣುತ್ತೆ. ಮಡಿಕೇರಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದಲೇ ಗುರುತು ಹಿಡಿಯಬಹುದು. ಕಾಯಿಗೆ ಮೂರು ರೆಕ್ಕೆ, ಒಂದು ಅಗಲ, ಉಳಿದೆರಡು ಚಿಕ್ಕವು.

ಮೈಸೂರು ತಾಲ್ಲೂಕಿನವರಿಗೆ ಒಂದು ಮಾತು. ನಮ್ಮಲ್ಲಿ ವರ್ಷಕ್ಕೆ ಬೀಳೋದು ಸುಮಾರು 800 ಮಿಲಿಮೀಟರ್ ಮಳೆ. ಹುಣಾಲು ಬಯಸೋದು ಅದಕ್ಕಿಂತ ಹೆಚ್ಚು. ಪಿರಿಯಾಪಟ್ಟಣದಿಂದ ಆಚೆ ಕೊಡಗಿನ ಗಡಿಯವರು ಹಾಕಿಕೊಳ್ಳಲಿ, ನಂಜನಗೂಡಿನವರು ಬಿಡೋದು ಒಳ್ಳೇದು.

ತಾರೆ, ಅಳಲೆ

ಇವೆರಡನ್ನೂ ನೆಲ್ಲಿಯ ಜೊತೆ ಸೇರಿಸಿದರೆ ತ್ರಿಫಲ. ಕಾಯಿಗೆ ರೆಕ್ಕೆ ಇಲ್ಲ, ಅಲ್ಲಿಗೆ ಮತ್ತಿಗಳಿಂದ ಬೇರೆಯಾದವು.

ತಾರೆಯ ಎಲೆ ಅಗಲ, ತೊಟ್ಟು ಉದ್ದ, ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತೆ. ತೊಗಟೆ ನೀಲಿಬೂದು, ಉದ್ದಕ್ಕೆ ಸಣ್ಣ ಸೀಳು. ಕಾಯಿ ಗುಂಡಗೆ, ಮೇಲೆ ಬೂದು ಬಣ್ಣದ ನವಿರು ರೋಮ. ಬೇಸಿಗೆಯಲ್ಲಿ ಹೂ ಬಿಟ್ಟಾಗ ಕೆಳಗೆ ನಿಲ್ಲೋಕಾಗಲ್ಲ, ಅಷ್ಟು ವಾಸನೆ. ಮನೆ ಹತ್ತಿರ ನೆಡಬೇಡಿ. ದೊಡ್ಡ ಮರವಾಗುತ್ತೆ, ಹೊಲದ ಮೂಲೆಗೆ ಒಂದು ಸಾಕು.

ಅಳಲೆ ಅಷ್ಟು ದೊಡ್ಡದಾಗಲ್ಲ. ತೊಗಟೆ ಗಾಢ ಕಂದು, ಬಿರುಕು ಬಿಟ್ಟದ್ದು. ಎಳೆ ಎಲೆಗೆ ರೇಷ್ಮೆಯಂಥ ರೋಮ. ತೊಟ್ಟಿನ ಮೇಲ್ತುದಿಯಲ್ಲಿ ಎರಡು ಗ್ರಂಥಿ, ಹೊಳೆಮತ್ತಿಯ ಹಾಗೇ. ಆದರೆ ಇದರ ಎಲೆ ಅಷ್ಟು ಉದ್ದವಲ್ಲ, ಮೊಟ್ಟೆಯಾಕಾರ, ಮತ್ತೆ ನಿಂತ ನೆಲ ಒಣ ಗುಡ್ಡ. ಕಾಯಿ ಹಸಿರುಹಳದಿ, ಒಣಗಿದಾಗ ಐದು ಏಣು ಎದ್ದು ಕಾಣುತ್ತೆ. ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಧಿಗೆ ಅಂಗಡಿಗೆ ಹೋಗಿ ಹತ್ತು ರೂಪಾಯಿಗೆ ಅಳಲೆಕಾಯಿ, ತಾರೆಕಾಯಿ ಕೇಳಿ ತಂದು ಅಂಗೈ ಮೇಲೆ ಇಟ್ಟು ನೋಡಿ. ಫೋಟೊ ನೋಡಿ ಕಲಿಯೋದಕ್ಕಿಂತ ಇದು ಬೇಗ ತಲೆಗೆ ಹೋಗುತ್ತೆ.

ಫೋನಿನಲ್ಲಿ ಗುರುತಿಸುವವರಿಗೆ

ಗೂಗಲ್ ಲೆನ್ಸ್ ಇದೆ, ಐನ್ಯಾಚುರಲಿಸ್ಟ್ ಇದೆ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ. ನಾನೂ ಬಳಸ್ತೀನಿ. ಆದರೆ ಫೋನು ನೀವು ತೋರಿಸಿದ್ದನ್ನು ಮಾತ್ರ ನೋಡುತ್ತೆ. ಹಸಿರು ಎಲೆಯ ಮೇಲ್ಭಾಗದ ಒಂದು ಫೋಟೊ ಕೊಟ್ಟರೆ ಸೀಬೆಯಿಂದ ಹಿಡಿದು ಹಲಸಿನವರೆಗೆ ಏನು ಬೇಕಾದರೂ ಹೇಳುತ್ತೆ. ಮೊದಲೆರಡು ಆಪ್‌ಗಿಂತ ಮೂರನೆಯದರಲ್ಲಿ ನಮ್ಮ ದೇಶದ ಮರ ಬಲ್ಲವರು ನೋಡಿ ಉತ್ತರ ಕೊಡ್ತಾರೆ. ತಡ ಆಗಬಹುದು, ಆದರೆ ಮನುಷ್ಯರು ನೋಡಿರ್ತಾರೆ.

ಒಂದು ಮರಕ್ಕೆ ಕನಿಷ್ಠ ಐದು ಫೋಟೊ ತೆಗೀರಿ. ದೂರದಿಂದ ಇಡೀ ಮರ, ಅದು ನಿಂತ ನೆಲವೂ ಕಾಣಬೇಕು. ಎದೆಯೆತ್ತರದಲ್ಲಿ ತೊಗಟೆ, ಪಕ್ಕದಲ್ಲಿ ಕೈ ಇಟ್ಟು, ಅಳತೆ ಗೊತ್ತಾಗಲಿ. ಒಂದು ಸಣ್ಣ ಕೊಂಬೆ, ಎಲೆಗಳು ಹೇಗೆ ಜೋಡಿಸಿವೆ ಅಂತ ಕಾಣುವ ಹಾಗೆ. ಎಲೆಯ ಹಿಂಭಾಗ, ಬುಡದ ಹತ್ತಿರದ್ದು, ಗ್ರಂಥಿ ಕಾಣಬೇಕು. ಕೊನೆಗೆ ಹೂ ಅಥವಾ ಕಾಯಿ, ಮರದ ಮೇಲೆ ಸಿಗದಿದ್ದರೆ ಬುಡದಲ್ಲಿ ಬಿದ್ದಿರೋ ಹಳೆಯದು. ಬೇರೆ ಮರದ ಕಾಯಿ ಗಾಳಿಗೆ ಬಂದು ಬಿದ್ದಿರಬಹುದು, ಒಂದೇ ಥರದವು ನಾಲ್ಕಾರು ಇವೆಯೇ ನೋಡಿ. ಜೊತೆಗೆ ತಾರೀಖು. ಮರ ಎಲೆ ಉದುರಿಸಿದೆಯೋ, ಹೂ ಬಿಟ್ಟಿದೆಯೋ ಅನ್ನೋದು ಅರ್ಧ ಉತ್ತರ.

ತೊಗಟೆಯನ್ನು ಎಳೆಯ ಮರದಲ್ಲಿ ನಂಬಬೇಡಿ. ಕರಿಮತ್ತಿಯೂ ಚಿಕ್ಕದಿದ್ದಾಗ ಅಷ್ಟು ಬಿರುಕು ಬಿಟ್ಟಿರಲ್ಲ. ಚೌಕ ಚೌಕ ಆಗೋಕೆ ವಯಸ್ಸಾಗಬೇಕು.

ನರ್ಸರಿಯಲ್ಲಿ ಗಿಡ ಕೊಳ್ಳುವಾಗ

ಅಸಲಿ ಪರೀಕ್ಷೆ ಇಲ್ಲಿ, ಯಾಕೆಂದರೆ ಪ್ಯಾಕೆಟ್ಟಿನ ಗಿಡಕ್ಕೆ ತೊಗಟೆಯೂ ಇಲ್ಲ, ಕಾಯಿಯೂ ಇಲ್ಲ, ನೆಲವೂ ಇಲ್ಲ. ಇರೋದು ಎಲೆ ಒಂದೇ. ಹಾಗಾಗಿ ಎರಡು ಕೆಲಸ ಮಾಡಿ. ಎಲೆಯ ಹಿಂಭಾಗ ಬೆರಳಿಂದ ಸವರಿ. ರೋಮ ಸಿಕ್ಕಿ, ಗಂಟು ನಡುನರದ ಮೇಲಿದ್ದರೆ ಕರಿಮತ್ತಿ ಕಡೆ ವಾಲುತ್ತೆ. ನುಣ್ಣಗಿದ್ದು ಗಂಟು ತೊಟ್ಟಿನ ತುದಿಯಲ್ಲಿದ್ದರೆ ಹೊಳೆಮತ್ತಿ. ಎರಡನೆಯದು, ಬೀಜ ಎಲ್ಲಿಂದ ತಂದದ್ದು ಅಂತ ಕೇಳಿ. ಹೊಳೆದಂಡೆಯಿಂದ ಅಂದರೆ ಉತ್ತರ ಸಿಕ್ಕಿತು. ಉಳಿದ ಬೀಜ ಮೂಲೆಯಲ್ಲಿ ಇದ್ದೇ ಇರುತ್ತೆ, ಒಂದು ಕಾಯಿ ತೋರಿಸಿ ಅನ್ನಿ, ಗೆರೆ ಬಾಗಿದೆಯೋ ನೇರವೋ ನೋಡಿ.

ಒಂದು ವಿಷಯ ತಿಳಿದಿರಲಿ. ಕರಿಮತ್ತಿ ಬೀಜ ಮೊಳೆಯೋದು ಕಷ್ಟ. ಎಷ್ಟೋ ಕಾಯಿ ಒಳಗೆ ಟೊಳ್ಳು, ಇನ್ನಷ್ಟು ಹುಳ ತಿಂದದ್ದು. ಹೊಳೆಮತ್ತಿ ಬೀಜ ಎರಡು ಮೂರು ದಿನ ನೀರಲ್ಲಿ ನೆನೆಸಿ ಹಾಕಿದರೆ ಚೆನ್ನಾಗಿ ಏಳುತ್ತೆ. ಆದ್ದರಿಂದ ನರ್ಸರಿಯಲ್ಲಿ ‘ಮತ್ತಿ’ ಅಂತ ಸಾವಿರಗಟ್ಟಲೆ ಗಿಡ ಸಾಲಾಗಿ ಇದ್ದರೆ ಅದು ಹೊಳೆಮತ್ತಿ ಇರುವ ಸಾಧ್ಯತೆಯೇ ಜಾಸ್ತಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ರಿಯಾಯಿತಿ ದರದಲ್ಲಿ ಸಸಿ ಕೊಟ್ಟು, ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಕೊಡ್ತಾರೆ. ಮಾತು ಗಮನಿಸಿ, ಉಳಿದ ಗಿಡಕ್ಕೆ. ನೆಲಕ್ಕೆ ಒಗ್ಗದ ಗಿಡ ಹಾಕಿದರೆ ಗಿಡವೂ ಇಲ್ಲ, ಹಣವೂ ಇಲ್ಲ. ಅರ್ಜಿ ಬರೆಯುವಾಗಲೇ ಬರೀ ‘ಮತ್ತಿ’ ಅನ್ನದೆ ಕರಿಮತ್ತಿ, ಹೊಳೆಮತ್ತಿ ಅಂತ ಬಿಡಿಸಿ ಬರೀರಿ.

ಯಾವ ನೆಲಕ್ಕೆ ಯಾವುದು

ನಾಲೆ ಬಯಲಿನಲ್ಲಿ, ಅಂದರೆ ವರುಣಾ, ಕಬಿನಿ, ವಿಶ್ವೇಶ್ವರಯ್ಯ ನಾಲೆಗಳ ಕೆಳಗೆ, ಜೌಗು ಹಿಡಿದ ಮೂಲೆ ಪ್ರತಿ ಹೊಲದಲ್ಲೂ ಒಂದಿರುತ್ತೆ. ಭತ್ತವೂ ಸರಿ ಬರಲ್ಲ, ತೆಂಗು ಹಳದಿಯಾಗುತ್ತೆ. ಅಲ್ಲಿಗೆ ಹೊಳೆಮತ್ತಿ. ಚೌಳು ನೆಲವನ್ನೂ ತಡೆದುಕೊಳ್ಳುವ ಮರಗಳಲ್ಲಿ ಇದೂ ಒಂದು. ಚೌಳು ಮಣ್ಣಿನ ಸುಧಾರಣೆಗೆ ಕರ್ನಾಲ್‌ನ ಸಂಶೋಧನಾ ಸಂಸ್ಥೆಯವರು ಹೇಳುವ ಮರಗಳ ಪಟ್ಟಿಯಲ್ಲೂ ಇದು ಬರುತ್ತೆ. ಹಳ್ಳದ ದಂಡೆ ಕೊಚ್ಚಿಹೋಗುತ್ತಿದ್ದರೆ ಅಲ್ಲಿಗೂ ಇದೇ, ಬೇರು ಮಣ್ಣು ಬಿಗಿಯಾಗಿ ಹಿಡಿಯುತ್ತೆ. ತೋಟದ ಒಳಗೆ ಬೇಡ, ನೆರಳು ಹೆಚ್ಚು.

ಮಳೆ ನಂಬಿದ ಕೆಂಪು ಮಣ್ಣಿನ ಬದುವಿಗೆ ಕರಿಮತ್ತಿ. ನಿಧಾನ ಬೆಳೆಯುತ್ತೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಸಿಲ್ವರ್ ಓಕಿನ ಓಟ ಇದರಲ್ಲಿ ನಿರೀಕ್ಷಿಸಬೇಡಿ. ಆದರೆ ಮಲೆನಾಡಿನವರು ತಲೆತಲಾಂತರದಿಂದ ಅಡಿಕೆ ತೋಟಕ್ಕೆ ಸೊಪ್ಪು ಹಾಕುವುದರಲ್ಲಿ ಮತ್ತಿ ಸೊಪ್ಪು ಇದ್ದೇ ಇದೆ. ಸಾವಯವ ಮಾಡುವವರಿಗೆ ಬದುವಿನಲ್ಲೇ ಮುಚ್ಚಿಗೆ ಸಿಕ್ಕರೆ ಹೊರಗಿನಿಂದ ಲೋಡು ತರಿಸೋದು ತಪ್ಪುತ್ತೆ. ನನ್ನ ತೋಟದ ಲೆಕ್ಕದಲ್ಲಿ ಮರದ ನಿಜವಾದ ಆದಾಯ ಉದುರುವ ಎಲೆ, ನಾಟಾ ಆಮೇಲೆ.

ಕೋಟೆಯ ಹುಡುಗನಿಗೆ ಹೇಳಿದ್ದೂ ಇಷ್ಟೇ. ಎರಡು ವರ್ಷದ ಗಿಡ ಕಿತ್ತು ಬೇರೆ ಕಡೆ ನೆಡೋಕೆ ಹೋಗಬೇಡ, ತಾಯಿಬೇರು ತುಂಡಾಗುತ್ತೆ. ಹೊಲದ ಕೆಳಗಿನ ತುದಿಯಲ್ಲಿ, ಮಳೆನೀರು ಬಂದು ನಿಲ್ಲುವ ಕಡೆ ಇರುವ ಗಿಡಗಳನ್ನು ಉಳಿಸಿಕೋ, ಬುಡಕ್ಕೆ ಮುಚ್ಚಿಗೆ ಹಾಕು. ಮೇಲಿನ ಬದುವಿನಲ್ಲಿ ಸತ್ತ ಗುಂಡಿಗಳಿಗೆ ಈ ಮುಂಗಾರಿನಲ್ಲಿ ಕರಿಮತ್ತಿ ಹಾಕು. 120ರಲ್ಲಿ ಎಷ್ಟು ಗಿಡ ಕೆಳತುದಿಯಲ್ಲಿವೆ ಅಂತ ಎಣಿಸಿ ಹೇಳಿದ, 34. ಅಷ್ಟಾದರೂ ಇದೆ.

ತೊಗಟೆ ಮಾರುವ ಮುಂಚೆ

ಅರ್ಜುನ ತೊಗಟೆಗೆ ಆಯುರ್ವೇದದಲ್ಲಿ ಬೇಡಿಕೆ ಇದೆ, ಹೃದಯಕ್ಕೆ ಸಂಬಂಧಿಸಿದ ಔಷಧಗಳಿಗೆ ಬಳಸ್ತಾರೆ. ಹೊಳೆಮತ್ತಿಯ ಹೆಸರಿನಲ್ಲಿ ಬೇರೆ ಮತ್ತಿಗಳ ತೊಗಟೆ ಬೆರೆಸೋದು ಗಿಡಮೂಲಿಕೆ ವ್ಯಾಪಾರದಲ್ಲಿ ಹಳೇ ದೂರು. ಕೊಳ್ಳುವವರು ತಪ್ಪು ಕಂಡರೆ ಲೋಡು ವಾಪಸ್ ಕಳಿಸ್ತಾರೆ, ಸಾಗಣೆ ಖರ್ಚು ನಿಮ್ಮ ತಲೆಗೆ. ಕಾಣದಿದ್ದರೆ ಇನ್ನೂ ಕೆಟ್ಟದ್ದು, ಅದನ್ನು ಕುಡಿಯೋದು ಒಬ್ಬ ರೋಗಿ. ಹಾಗಾಗಿ ಎಲೆ, ಕಾಯಿ ನೋಡಿ ಖಚಿತವಾದ ಮರದ್ದು ಮಾತ್ರ ತೆಗೀರಿ. ಯಾವತ್ತೂ ಕಾಂಡದ ಸುತ್ತ ಉಂಗುರದ ಹಾಗೆ ಸುಲಿಯಬೇಡಿ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋದು ತೊಗಟೆಯ ಒಳಪದರದಲ್ಲಿ, ಆ ದಾರಿ ಪೂರ್ತಿ ಕಡಿದರೆ ಮರ ಸಾಯುತ್ತೆ. ಬಲಿತ ಮರದ ಒಂದು ಬದಿಯಲ್ಲಿ ಉದ್ದುದ್ದ ಪಟ್ಟಿಯಾಗಿ, ಮರದ ದಿಮ್ಮಿಗೆ ಅಂಟಿದ ಒಳಪದರ ಬಿಟ್ಟು ತೆಗೆದರೆ ಅದು ಮತ್ತೆ ತುಂಬಿಕೊಳ್ಳುತ್ತೆ. ಹೊಳೆದಂಡೆಯ ಸರ್ಕಾರಿ ಮರಕ್ಕಂತೂ ಕೈ ಹಾಕಲೇಬೇಡಿ.

ಕಡಿಯುವ ವಿಷಯಕ್ಕೂ ಹೆಸರು ಮುಖ್ಯ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಜಮೀನಿನ ಮರ ಕಡಿಯೋಕೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ, ಮತ್ತಿಗೆ ಇಲ್ಲ. ‘ನಮ್ಮ ಹೊಲದ ಮರ ತಾನೇ’ ಅಂತ ಲಾರಿಗೆ ಹಾಕಿಸಿದ ಮೇಲೆ ಚೆಕ್‌ಪೋಸ್ಟಿನಲ್ಲಿ ತಿಳಿಯೋದು ಬೇಡ. ಮರದ ಅಧಿಕಾರಿಗೆ ಅರ್ಜಿ ಕೊಡುವಾಗ ಪ್ರತಿ ಮರದ ಹೆಸರು, ಎದೆಯೆತ್ತರದ ಸುತ್ತಳತೆ, ಒಂದು ಫೋಟೊ ಇಟ್ಟುಕೊಂಡಿದ್ದರೆ ಓಡಾಟ ಕಡಿಮೆ.

ಈ ಭಾನುವಾರ ಬಿಡುವಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ಹಳ್ಳದ ದಂಡೆಯಿಂದ ಒಂದು ಕಾಯಿ, ಗುಡ್ಡದ ಕಡೆಯ ಮರದಿಂದ ಒಂದು ಕಾಯಿ ತಂದು ಪಕ್ಕ ಪಕ್ಕ ಇಟ್ಟು, ರೆಕ್ಕೆಯ ಗೆರೆ ಕಾಣುವ ಹಾಗೆ ಫೋಟೊ ತೆಗೆದು ಕಳಿಸಿ. ಕಾಯಿ ಸಿಗದಿದ್ದರೆ ಎಲೆಯ ಹಿಂಭಾಗ. ಮೇಲ್ಭಾಗದ ಫೋಟೊ ಕಳಿಸಿದವರಿಗೆ ಉತ್ತರ ಇಲ್ಲ.